ವಯಸ್ಸು ಕೇಳದ ಶಾಲೆ

ನಮ್ಮಲ್ಲಿ ಬಹಳ ಜನಕ್ಕೆ ದಿನಾ ಇರೋ ಚಿಂತೆ ಅಟೆಂಡೆನ್ಸಿನದು. ಕ್ಲಾಸಿಗೆ ಹೋಗಬೇಕಲ್ಲಪ್ಪಾ ಅಂತ ನಾವು ಗೊಣಗುತ್ತೇವೆ. ಆದರೆ ಓದುವ ಆಸೆ ಇದ್ದೂ, ಬೆಳಗ್ಗೆಯಿಂದ ಸಂಜೆತನಕ ದುಡಿಯಲೇಬೇಕಾದವರಿಗೆ ಕ್ಲಾಸಿನ ಬಾಗಿಲು ತೆರೆದಿರುವ ಹೊತ್ತೇ ಸಿಗುವುದಿಲ್ಲ. ಅಂಥವರಿಗೆಂದೇ ಒಂದು ಶಾಲೆ ಕಟ್ಟಿದ ಅಮೆರಿಕದ ಟೀಚರ್ ಎಮಿಲಿ ಗ್ರಿಫಿತ್ ಅವರ ಬದುಕನ್ನು ನಾವು ಈ ಸಲ ಹೇಳಹೊರಟಿದ್ದೇವೆ.

ಎಮಿಲಿ ಹುಟ್ಟಿದ್ದು 1868ರಲ್ಲಿ, ಸಿನ್ಸಿನಾಟಿ ನಗರದಲ್ಲಿ. ಮನೆಯಲ್ಲಿ ಬಡತನ. ಸಂಸಾರ ಜಮೀನು ಹುಡುಕಿಕೊಂಡು ನೆಬ್ರಾಸ್ಕದ ಬಯಲುಸೀಮೆಗೆ ಹೋಯಿತು. ಅಲ್ಲಿ ಮರವೇ ಅಪರೂಪ. ಹುಲ್ಲಿನ ಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳನ್ನು ಜೋಡಿಸಿ ಮನೆ, ಶಾಲೆ ಎಲ್ಲ ಕಟ್ಟುತ್ತಿದ್ದರು. ಹದಿಹರೆಯದಲ್ಲೇ ಎಮಿಲಿ ಅಂಥದೊಂದು ಒಂದೇ ಕೋಣೆಯ ಶಾಲೆಯಲ್ಲಿ ಟೀಚರ್ ಆದರು. ಮಕ್ಕಳ ಮನೆಗಳಲ್ಲೇ ಉಳಿದುಕೊಳ್ಳುವ ಪದ್ಧತಿ ಇತ್ತು. ಹಾಗೆ ಉಳಿದಾಗ ಅವರಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಮಗು ಅಕ್ಷರ ಕಲಿಯುತ್ತಿದೆ, ಆದರೆ ಅಪ್ಪನಿಗೆ ಓದೋಕೆ ಬರೋದಿಲ್ಲ, ಲೆಕ್ಕವೂ ಗೊತ್ತಿಲ್ಲ.

1890ರ ದಶಕದಲ್ಲಿ ಸಂಸಾರ ಡೆನ್ವರ್ ಸೇರಿತು. ಅಲ್ಲಿನ ಬಡ ಬಡಾವಣೆಯೊಂದರ ಶಾಲೆಯಲ್ಲಿ ಎಮಿಲಿ ಪಾಠ ಹೇಳಿದರು. ಬೇರೆ ದೇಶಗಳಿಂದ ವಲಸೆ ಬಂದ ಕುಟುಂಬಗಳೇ ಹೆಚ್ಚು. ಮಗು ಶಾಲೆ ತಪ್ಪಿಸಿತೆಂದು ಮನೆಗೆ ಹೋಗಿ ನೋಡಿದರೆ, ಅಪ್ಪನಿಗೆ ಕೆಲಸ ಇಲ್ಲ, ಅಮ್ಮನಿಗೆ ಇಂಗ್ಲಿಷ್ ಬರೋದಿಲ್ಲ. ದೊಡ್ಡವರಿಗೆ ಒಂದು ಕಸುಬು, ಸ್ವಲ್ಪ ಓದು ಸಿಗದೆ ಮಗುವಿನ ಓದು ನಿಲ್ಲೋದಿಲ್ಲ ಅಂತ ಎಮಿಲಿಗೆ ಖಚಿತವಾಯಿತು. ಮೊದಲು ರಾತ್ರಿ ಹೊತ್ತು ದೊಡ್ಡವರಿಗೆ ಪಾಠ ಶುರು ಮಾಡಿದರು. ನಡುವೆ ಕೆಲವು ವರ್ಷ ರಾಜ್ಯದ ಶಿಕ್ಷಣ ಇಲಾಖೆಯಲ್ಲಿ ಉನ್ನತ ಹುದ್ದೆಯಲ್ಲೂ ಇದ್ದರು, ಮತ್ತೆ ತರಗತಿಗೇ ಬಂದರು.

ಅವರ ಕನಸಿನ ಶಾಲೆಯ ಬಗ್ಗೆ ಡೆನ್ವರ್ ಪೋಸ್ಟ್ ಪತ್ರಿಕೆಯ ವರದಿಗಾರ್ತಿ ಫ್ರಾನ್ಸಿಸ್ ವೇನ್ ಬರೆದರು. ಊರಲ್ಲಿ ಮಾತು ಹಬ್ಬಿತು. ಕೊನೆಗೆ ಶಾಲಾ ಮಂಡಳಿ ಬಳಕೆಗೆ ಯೋಗ್ಯವಲ್ಲ ಎಂದು ಬಿಟ್ಟಿದ್ದ ಹಳೇ ಕಟ್ಟಡವೊಂದನ್ನು ಕೊಟ್ಟಿತು. 1916ರ ಸೆಪ್ಟೆಂಬರಿನಲ್ಲಿ ಆಪರ್ಚುನಿಟಿ ಸ್ಕೂಲ್ ಅಲ್ಲಿ ಶುರುವಾಯಿತು. ಮೊದಲ ವಾರದಲ್ಲೇ 1,400ಕ್ಕೂ ಹೆಚ್ಚು ಜನ ಹೆಸರು ಬರೆಸಿದರು!

ಅಷ್ಟು ಜನ ಬಂದದ್ದಕ್ಕೆ ಕಾರಣ ಶಾಲೆಯ ವ್ಯವಸ್ಥೆ. ಬೆಳಗ್ಗೆಯಿಂದ ರಾತ್ರಿವರೆಗೆ, ದಿನಕ್ಕೆ ಸುಮಾರು 13 ಗಂಟೆ ಬಾಗಿಲು ತೆರೆದಿರುತ್ತಿತ್ತು. ಫೀಸು ಇಲ್ಲ, ಎಂಟ್ರೆನ್ಸ್ ಪರೀಕ್ಷೆ ಇಲ್ಲ, ವಯಸ್ಸಿನ ಮಿತಿಯೂ ಇಲ್ಲ. ಕೆಲಸಕ್ಕೆ ಹೋಗುವ ಮೊದಲು ಬರಬಹುದು, ಕೆಲಸ ಮುಗಿಸಿಯೂ ಬರಬಹುದು. ಒಂದು ಕೋಣೆಯಲ್ಲಿ ಇಂಗ್ಲಿಷ್ ಅಕ್ಷರಮಾಲೆ, ಇನ್ನೊಂದರಲ್ಲಿ ಟೈಪಿಂಗ್, ಮತ್ತೊಂದರಲ್ಲಿ ಟೆಲಿಗ್ರಾಫ್. ಹ್ಯಾಟ್ ತಯಾರಿಸುವುದನ್ನೂ ಕಲಿಸುತ್ತಿದ್ದರು, ಮೋಟಾರು ರಿಪೇರಿಯನ್ನೂ ಕಲಿಸುತ್ತಿದ್ದರು.

ಕೆಲಸದಿಂದ ನೇರ ಬಂದ ಹುಡುಗನೊಬ್ಬ ಹಸಿವಿನಿಂದ ತಲೆಸುತ್ತಿ ಬಿದ್ದನಂತೆ. ಆಮೇಲೆ ಎಮಿಲಿ ಮನೆಯಲ್ಲಿ ಬೀನ್ಸ್ ಕಾಳಿನ ಸೂಪ್ ಮಾಡಿಸಿ, ಪಾತ್ರೆಯನ್ನು ಟ್ರಾಮಿನಲ್ಲಿ ಹೊತ್ತು ತಂದು, ರಾತ್ರಿ ಕ್ಲಾಸಿನವರಿಗೆ ಬಡಿಸತೊಡಗಿದರು. ಸಿದ್ಧಗಂಗೆಯ ದಾಸೋಹ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಿಚಿತ್ರ ಸಂಗತಿ ಇದೆ. ಯಾರ ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯದ ಎಮಿಲಿ ತಮ್ಮ ವಯಸ್ಸನ್ನು ಮಾತ್ರ ಮುಚ್ಚಿಟ್ಟಿದ್ದರು. 1880ರಲ್ಲಿ ಹುಟ್ಟಿದ್ದು ಅಂತ ಹೇಳಿಕೊಳ್ಳುತ್ತಿದ್ದರು, ಅಂದರೆ 12 ವರ್ಷ ಕಡಿಮೆ! ಶಾಲೆ ಶುರುವಾದಾಗ ನಿಜಕ್ಕೂ ಅವರಿಗೆ 48. ಹೊಸ ಕೆಲಸಕ್ಕೆ ಇನ್ನು ತಡವಾಯಿತು ಎಂದು ಲೋಕ ಅನ್ನುವ ವಯಸ್ಸು ಅದು.

1933ರಲ್ಲಿ ನಿವೃತ್ತಿಯಾದ ಎಮಿಲಿ, ತಂಗಿ ಫ್ಲಾರೆನ್ಸ್ ಜೊತೆ ಪೈನ್‌ಕ್ಲಿಫ್ ಎಂಬ ಬೆಟ್ಟದೂರಿನ ಚಿಕ್ಕ ಮನೆಯಲ್ಲಿ ಸರಳವಾಗಿ ಬದುಕಿದರು. 1947ರ ಜೂನ್‌ನಲ್ಲಿ ಅಕ್ಕತಂಗಿ ಇಬ್ಬರನ್ನೂ ಅದೇ ಮನೆಯಲ್ಲಿ ಯಾರೋ ಗುಂಡಿಟ್ಟು ಕೊಂದರು. ಕೊಲೆಗಾರ ಯಾರೆಂದು ಕೋರ್ಟಿನಲ್ಲಿ ಯಾವತ್ತೂ ಸಾಬೀತಾಗಲಿಲ್ಲ. ಆ ಸಾವನ್ನು ಓದುವಾಗ ನಮಗೆ ಸಂಕಟವಾಯಿತು.

ಶಾಲೆ ಮಾತ್ರ ನಿಲ್ಲಲಿಲ್ಲ. ಅದಕ್ಕೆ ಅವರ ಹೆಸರನ್ನೇ ಇಟ್ಟರು. ಇವತ್ತು ಅದು ಎಮಿಲಿ ಗ್ರಿಫಿತ್ ಟೆಕ್ನಿಕಲ್ ಕಾಲೇಜ್. ಕೆಲಸ ಕೊಡುವವರ ಜೊತೆ ಸೇರಿ ಅಲ್ಲಿ ಅಪ್ರೆಂಟಿಸ್‌ಶಿಪ್ ತರಬೇತಿ ನಡೆಯುತ್ತದೆ. ಅರ್ಧಕ್ಕೆ ಓದು ಬಿಟ್ಟವರು ಹೈಸ್ಕೂಲು ಮುಗಿಸುವ ದಾರಿಯೂ ಅಲ್ಲಿದೆ. ಕಸುಬು ಒಂದು ಕಡೆ, ಸರ್ಟಿಫಿಕೇಟ್ ಇನ್ನೊಂದು ಕಡೆ ಅಂತ ಅಲೆಸದೆ ಎರಡನ್ನೂ ಒಂದೇ ಸೂರಿನಡಿ ತಂದದ್ದು ಎಮಿಲಿಯವರ ದೊಡ್ಡ ಕೆಲಸ ಅಂತ ನಮಗನಿಸುತ್ತದೆ.

ನಮ್ಮ ಸುತ್ತಲೂ ಎಸ್ಸೆಸ್ಸೆಲ್ಸಿ ಅರ್ಧಕ್ಕೇ ಬಿಟ್ಟು ಕೆಲಸಕ್ಕಿಳಿದವರು ಇದ್ದಾರೆ: ಮೆಸ್ಸಿನಲ್ಲಿ, ಗೇಟಿನಲ್ಲಿ, ಗ್ಯಾರೇಜಿನಲ್ಲಿ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೇ ತರಗತಿ ಪರೀಕ್ಷೆಗೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಅದು ಬಹಳ ಜನಕ್ಕೆ ಗೊತ್ತೇ ಇಲ್ಲ. ಗೊತ್ತಾದ ಮೇಲೂ ಗಣಿತ ಹೇಳಿಕೊಡೋಕೆ ಒಬ್ಬರು ಬೇಕು, ಸಂಜೆ ಕೂತು ಓದೋಕೆ ಒಂದು ಜಾಗ ಬೇಕು. ಲೆಕ್ಕ ನಮಗೆ ಬರುತ್ತದೆ. ಸಂಜೆ ಐದರ ಮೇಲೆ ನಮ್ಮ ಕ್ಲಾಸ್‌ರೂಮುಗಳೂ ಖಾಲಿ ಇರುತ್ತವೆ.