ಹೊದಿಗೆರೆಯ ಷಹಾಜಿ

ಇಂದಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿಗೆ ಸೇರಿದ ಹೊದಿಗೆರೆಯಲ್ಲಿ ಷಹಾಜಿ ಭೋಂಸಲೆಯ ಸಮಾಧಿಯಿದೆ. ಅವನು ಶಿವಾಜಿಯ ತಂದೆಯೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಮೊಗಲ್ ಚಕ್ರವರ್ತಿಯೊಡನೆ ಮೂರು ವರ್ಷ ಸೆಣಸಿದ ಈ ವೀರನು ತನ್ನ ಹೆಸರಿನಲ್ಲಿ ಎಂದೂ ರಾಜ್ಯವಾಳಲಿಲ್ಲ. ಅವನ ಮಕ್ಕಳಿಬ್ಬರು ಸಿಂಹಾಸನವೇರಿದರು. ಅದನ್ನು ಕಾಣುವ ಭಾಗ್ಯ ಅವನಿಗಿರಲಿಲ್ಲ.

ಮಾಲೋಜಿಯು ಅಹಮದನಗರದ ಸಂತ ಷಾ ಷರೀಫರ ಮೇಲಣ ಭಕ್ತಿಯಿಂದ ತನ್ನಿಬ್ಬರು ಮಕ್ಕಳಿಗೆ ಷಹಾಜಿ, ಷರೀಫ್‌ಜಿ ಎಂದು ಹೆಸರಿಟ್ಟನೆಂದು ಪ್ರತೀತಿ. ಷಹಾಜಿ ಕೈಹಿಡಿದದ್ದು ಸಿಂಧಖೇಡದ ಲಖೂಜಿ ಜಾಧವನ ಮಗಳು ಜೀಜಾಬಾಯಿಯನ್ನು. ಮಾವನು ಮೊಗಲರ ಪಕ್ಷ ಹಿಡಿದರೆ ಅಳಿಯನು ನಿಜಾಮಶಾಹಿಯ ಮಲಿಕ್ ಅಂಬರನ ಕಡೆ ನಿಂತ. 1624ರ ಭಾತವಡಿಯ ಕಾಳಗದಲ್ಲಿ ಅಂಬರ್ ಗೆದ್ದ, ಷರೀಫ್‌ಜಿ ಮಡಿದ. 1629ರಲ್ಲಿ ಲಖೂಜಿಯೂ ನಿಜಾಮಶಾಹಿ ದರ್ಬಾರಿನಲ್ಲಿಯೇ ಕೊಲೆಯಾದ. ಷಹಾಜಿ ಷಹಜಹಾನನನ್ನು ಸೇರಿ ಐದು ಸಾವಿರದ ಮನ್ಸಬು ಪಡೆದನಾದರೂ ಅಲ್ಲಿ ಬಹುಕಾಲ ನಿಲ್ಲಲಿಲ್ಲ.

1633ರಲ್ಲಿ ದೌಲತಾಬಾದು ಮೊಗಲರ ವಶವಾಯಿತು. ನಿಜಾಮಶಾಹಿಯ ಕಥೆ ಮುಗಿಯಿತೆಂದು ಲೋಕವೆಣಿಸಿದಾಗ ಷಹಾಜಿ ಆ ವಂಶದ ಎಳೆಯ ಬಾಲಕನೊಬ್ಬನಿಗೆ ಪಟ್ಟಗಟ್ಟಿ ಹೋರಾಟ ಹೂಡಿದ. 1636ರಲ್ಲಿ ಷಹಜಹಾನನೇ ದಖ್ಖನಿಗೆ ಬಂದು ಬಿಜಾಪುರವನ್ನು ಒಪ್ಪಂದಕ್ಕೆ ಮಣಿಸಿದ. ಮಾಹುಲಿ ಕೋಟೆಯಲ್ಲಿ ಮುತ್ತಿಗೆಗೆ ಸಿಕ್ಕಿದ ಷಹಾಜಿ, ತಾನೇ ಪಟ್ಟಗಟ್ಟಿದ ಮಗುವನ್ನು ಶತ್ರುವಿಗೊಪ್ಪಿಸಿ ಬಿಜಾಪುರದ ಸೇವೆಗೆ ನಿಲ್ಲಬೇಕಾಯಿತು.

ಹೀಗೆ ಅವನು ಕನ್ನಡ ನಾಡಿಗೆ ಬಂದ. 1638ರಲ್ಲಿ ರಣದುಲ್ಲಾಖಾನನೊಡನೆ ಗೆದ್ದ ಬೆಂಗಳೂರು ಅವನ ಜಹಗೀರಾಯಿತು. ಜಯರಾಮ ಪಿಂಡ್ಯೆಯಂಥ ಕವಿಗಳು ಅವನ ಆಸ್ಥಾನದಲ್ಲಿದ್ದರು. ಆದರೆ ಸಂಸಾರ ಎರಡಾಯಿತು. ಜೀಜಾಬಾಯಿ ಶಿವಾಜಿಯೊಡನೆ ಪುಣೆಯಲ್ಲಿ ನೆಲಸಿದಳು. ಹಿರಿಯ ಮಗ ಸಂಭಾಜಿಯೂ ತುಕಾಬಾಯಿಯ ಮಗ ಏಕೋಜಿಯೂ ತಂದೆಯ ಬಳಿ ಉಳಿದರು. 1648ರಲ್ಲಿ ಬಿಜಾಪುರವು ಷಹಾಜಿಯನ್ನು ಸೆರೆಹಿಡಿದಾಗ, ತಂದೆಯ ಬಿಡುಗಡೆಗಾಗಿ ಶಿವಾಜಿ ಕೊಂಡಾಣ ಕೋಟೆಯನ್ನು ಬಿಟ್ಟುಕೊಟ್ಟ. ಕೆಲವು ವರ್ಷಗಳಲ್ಲಿ ಸಂಭಾಜಿ ಕನಕಗಿರಿಯ ಯುದ್ಧದಲ್ಲಿ ಅಳಿದ.

1664ರ ಜನವರಿಯಲ್ಲಿ ಶಿವಾಜಿ ಮೊಗಲರ ಸೂರತ್ತನ್ನು ಸೂರೆಗೊಂಡ. ಅದೇ ತಿಂಗಳು ಹೊದಿಗೆರೆಯ ಬಯಲಿನಲ್ಲಿ, ಬೇಟೆಯ ಭರದಲ್ಲಿ ಕುದುರೆ ಮುಗ್ಗರಿಸಿ, ಷಹಾಜಿ ಬಿದ್ದು ಪ್ರಾಣಬಿಟ್ಟ. 1674ರಲ್ಲಿ ಶಿವಾಜಿಯ ಪಟ್ಟಾಭಿಷೇಕವಾಯಿತು. ಸ್ವಲ್ಪದರಲ್ಲೇ ಏಕೋಜಿ ತಂಜಾವೂರಿನ ದೊರೆಯಾದ. 1677ರಲ್ಲಿ ಶಿವಾಜಿ ದಕ್ಷಿಣಕ್ಕೆ ಬಂದು ತಂದೆಯ ಆಸ್ತಿಯಲ್ಲಿ ಪಾಲು ಕೇಳಿದ. ಒಂದೇ ಸೂರಿನಡಿ ಬೆಳೆಯದ ಅಣ್ಣತಮ್ಮಂದಿರು ಹಗೆಗಳಂತೆ ಎದುರಾದರು. ಕಡೆಗೆ ಸಂಧಿಯಾದಾಗ, ಷಹಾಜಿ ಬಾಳಿದ ಬೆಂಗಳೂರನ್ನು ಶಿವಾಜಿ ತಮ್ಮನ ಮಡದಿ ದೀಪಾಬಾಯಿಗೆ ಬಳೆ-ಕುಪ್ಪಸಕ್ಕೆಂದು ಬಿಟ್ಟುಕೊಟ್ಟ. ರಾಜ್ಯಗಳು ಒಡೆದ ಮನೆಯನ್ನು ಆ ಉಡುಗೊರೆಯೊಂದು ಅಷ್ಟಿಷ್ಟು ಕೂಡಿಸಿತು.