ಸಿರಿತನದ ಹೊರೆ: ಏಳನೆಯ ನಿಜಾಮರ ಬದುಕು ಕಲಿಸುವ ಪಾಠ

ನಮ್ಮ ಕರಾವಳಿಯ ಊರುಗಳಲ್ಲಿ ಮನೆ ಕಟ್ಟುವ, ರಸ್ತೆಗೆ ಡಾಮರು ಹಾಕುವ, ಚರಂಡಿ ತೋಡುವ ಕೂಲಿ ಕಾರ್ಮಿಕರಲ್ಲಿ ಅನೇಕರು ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯವರು. ಹೊಸಪೇಟೆ ದಾಟಿ ತುಂಗಭದ್ರಾ ನದಿಯ ಆಚೆ ದಡಕ್ಕೆ ಹೋದರೆ ಸಿಗುವ ಮುನಿರಾಬಾದ್, ಹುಲಿಗಿ, ಹಿಟ್ನಾಳ ಊರುಗಳ ದಾರಿಯಾಗಿ ಅವರ ಬಸ್ಸುಗಳು ಬರುತ್ತವೆ. ಈ ಬಡ ಕಾರ್ಮಿಕರ ಅಜ್ಜ, ಮುತ್ತಜ್ಜಂದಿರು ಯಾರ ಪ್ರಜೆಗಳಾಗಿದ್ದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಅವರು ತಮ್ಮ ಕಾಲದಲ್ಲಿ ಜಗತ್ತಿನ ಅತ್ಯಂತ ಶ್ರೀಮಂತ ವ್ಯಕ್ತಿ ಎಂದು ಹೆಸರಾಗಿದ್ದ ಹೈದರಾಬಾದಿನ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರ ಪ್ರಜೆಗಳಾಗಿದ್ದರು.

ಹಣವಿದ್ದವರಿಗೆ ಚಿಂತೆಯಿಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಸಾಲ, ಮಕ್ಕಳ ಫೀಸು, ಮದುವೆ ಖರ್ಚು ಎಂದು ಒದ್ದಾಡುವ ಕುಟುಂಬಕ್ಕೆ ಹಾಗೆ ತೋರುವುದು ಸಹಜ. ಬಡತನ ದೊಡ್ಡ ಕಷ್ಟ, ಅದನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಸಿರಿತನಕ್ಕೂ ಅದರದೇ ಆದ ಹೊರೆಯಿದೆ, ಅದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತಿಳಿಯಲು ಈ ಅರಸರ ಬದುಕಿಗಿಂತ ಸ್ಪಷ್ಟವಾದ ಉದಾಹರಣೆ ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ.

ಹುಟ್ಟು ಮತ್ತು ಪಟ್ಟ

ಉಸ್ಮಾನ್ ಅಲಿ ಖಾನ್ 1886ರ ಏಪ್ರಿಲ್ 6ರಂದು ಹೈದರಾಬಾದಿನಲ್ಲಿ ಹುಟ್ಟಿದರು. ತಂದೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್. ತಂದೆಯ ಮರಣಾನಂತರ 1911ರ ಆಗಸ್ಟ್‌ನಲ್ಲಿ, 25ನೆಯ ವಯಸ್ಸಿನಲ್ಲಿ, ಪಟ್ಟಕ್ಕೆ ಬಂದರು. ಅವರ ಸಂಸ್ಥಾನದ ವಿಸ್ತಾರ 82 ಸಾವಿರ ಚದರ ಮೈಲಿಗೂ ಮಿಕ್ಕಿ ಇತ್ತು. 1941ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ ಸುಮಾರು 1 ಕೋಟಿ 60 ಲಕ್ಷ. ಇಂದಿನ ತೆಲಂಗಾಣ, ಮರಾಠವಾಡ ಹಾಗೂ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿ ಸೇರಿದ್ದವು. ಕೊಪ್ಪಳ ಆಗ ರಾಯಚೂರು ಜಿಲ್ಲೆಯೊಳಗಿದ್ದು, ನಿಜಾಮರ ಅಧೀನದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು.

ಬ್ರಿಟಿಷ್ ಭಾರತದ ಸಂಸ್ಥಾನಗಳಲ್ಲಿ ಹೈದರಾಬಾದೇ ಮೊದಲ ಸ್ಥಾನದಲ್ಲಿತ್ತು. ಸಂಸ್ಥಾನದ ಬೊಕ್ಕಸವಲ್ಲದೆ ಸರ್ಫೆಖಾಸ್ ಎಂಬ ಅರಸರ ಸ್ವಂತ ಭೂಮಿಯ ಆದಾಯ ಬೇರೆಯೇ ಬರುತ್ತಿತ್ತು. ಗೋಲ್ಕೊಂಡದ ವಜ್ರಗಳು, ಮುತ್ತುಗಳು, ಚಿನ್ನದ ಗಟ್ಟಿಗಳು ಪೀಳಿಗೆಯಿಂದ ಪೀಳಿಗೆಗೆ ಕೂಡಿಬಂದಿದ್ದವು. 1937ರ ಫೆಬ್ರವರಿಯಲ್ಲಿ, ಅವರ ಆಳ್ವಿಕೆಯ ರಜತ ಮಹೋತ್ಸವದ ವೇಳೆಗೆ, ಅಮೆರಿಕದ ಟೈಮ್ ಪತ್ರಿಕೆ ಅವರ ಚಿತ್ರವನ್ನು ಮುಖಪುಟದಲ್ಲಿ ಹಾಕಿ ಅವರನ್ನು ಜಗತ್ತಿನ ಅತಿ ದೊಡ್ಡ ಶ್ರೀಮಂತರೆಂದು ಕರೆಯಿತು.

ಒಂದು ವಜ್ರದ ಕಥೆ

ಈ ಸಂಪತ್ತು ಮನೆಗೆ ಏನನ್ನು ತಂದಿತು ಎಂಬುದಕ್ಕೆ ಒಂದೇ ವಜ್ರದ ಕಥೆ ಸಾಕು. 1891ರಲ್ಲಿ ತಂದೆ ಮಹಬೂಬ್ ಅಲಿ ಖಾನ್ ಅವರಿಗೆ ಅಲೆಕ್ಸಾಂಡರ್ ಜೇಕಬ್ ಎಂಬ ವ್ಯಾಪಾರಿ 184 ಕ್ಯಾರಟ್‌ಗೂ ಮಿಕ್ಕಿದ, ಅಂದರೆ ಸುಮಾರು 37 ಗ್ರಾಂ ತೂಕದ, ವಜ್ರವೊಂದನ್ನು ಮಾರಲು ಬಂದ. ವ್ಯವಹಾರ ಕೆಟ್ಟು ಕಲ್ಕತ್ತಾ ಹೈಕೋರ್ಟಿನವರೆಗೆ ಹೋಯಿತು. ಅರಸರೇ ಸಾಕ್ಷಿ ಹೇಳಬೇಕಾಗಿ ಬಂದದ್ದು ಅಂದಿನ ಕಾಲಕ್ಕೆ ದೊಡ್ಡ ಅವಮಾನವಾಯಿತು. ವಜ್ರ ಅವರ ಕೈಗೇನೋ ಬಂತು, ಆದರೆ ಅದರ ಮೇಲಿನ ಆಸೆ ಹೋಗಿತ್ತು. ಅದನ್ನು ಮಾರಿದ ಜೇಕಬ್ ಕೂಡ ಸುಖಪಡಲಿಲ್ಲ. ಆತ ಎಲ್ಲವನ್ನೂ ಕಳೆದುಕೊಂಡು 1921ರಲ್ಲಿ ಮುಂಬಯಿಯಲ್ಲಿ ಬಡವನಾಗಿ ತೀರಿಕೊಂಡ.

ತಂದೆ ಸತ್ತ ಮೇಲೆ ಆ ವಜ್ರ ಅವರ ಹಳೆಯ ಪಾದರಕ್ಷೆಯ ತುದಿಯಲ್ಲಿ ಮಗನಿಗೆ ಸಿಕ್ಕಿತೆಂದೂ, ಮಗ ಅದನ್ನು ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ಭಾರವಾಗಿ ಬಳಸಿದರೆಂದೂ ಹೇಳುತ್ತಾರೆ. ಕೋಟಿ ಬೆಲೆಯ ವಜ್ರ ಕೊನೆಗೆ ಬೆಣಚುಕಲ್ಲಿನ ಕೆಲಸವನ್ನೇ ಮಾಡಿತು!

ದೊಡ್ಡ ಖಜಾನೆ, ಸಣ್ಣ ಕೋಣೆ

ಇಷ್ಟೆಲ್ಲ ಇದ್ದರೂ ನಿಜಾಮರು ಸ್ವತಃ ಅದನ್ನು ಅನುಭವಿಸಲಿಲ್ಲ. ಕಿಂಗ್ ಕೋಠಿ ಅರಮನೆಯಲ್ಲಿ ಅವರಿಗೆ ಇಷ್ಟವಾದದ್ದು ಸಾಧಾರಣ ಕೋಣೆ. ಮಾಸಿದ ಶೇರ್ವಾನಿ, ಹಳೆಯ ಟೋಪಿ, ಅಗ್ಗದ ಸಿಗರೇಟು ಅವರ ಗುರುತಾಗಿದ್ದವು. ಸರಳತೆ ಒಳ್ಳೆಯ ಗುಣ. ಆದರೆ ಅವರ ಸರಳತೆಯಲ್ಲಿ ಸನ್ಯಾಸಿಯ ನಿಶ್ಚಿಂತೆ ಇರಲಿಲ್ಲ, ಕಾವಲುಗಾರನ ಎಚ್ಚರವಿತ್ತು. ಸಣ್ಣಪುಟ್ಟ ಖರ್ಚನ್ನೂ ಅವರೇ ಪರಿಶೀಲಿಸುತ್ತಿದ್ದರು.

ಅರಸರನ್ನು ಕಾಣಲು ಬಂದವರು ನಜರಾನಾ ಎಂಬ ಕಾಣಿಕೆಯಾಗಿ ಚಿನ್ನದ ಅಶ್ರಫಿ ಒಪ್ಪಿಸುವ ರೂಢಿಯಿತ್ತು. ಬೇರೆ ಅರಸರು ಅದನ್ನು ಮುಟ್ಟಿ ಹಿಂತಿರುಗಿಸುವುದುಂಟು. ಇವರು ಇಟ್ಟುಕೊಳ್ಳುತ್ತಿದ್ದರೆಂದು ಜನ ಆಡಿಕೊಳ್ಳುತ್ತಿದ್ದರು. ಬಂದವರೆಲ್ಲ ಏನಾದರೂ ಕೊಡಲು ಅಥವಾ ಪಡೆಯಲು ಬರುವ ಮನೆಯಲ್ಲಿ, ಸುಮ್ಮನೆ ಪ್ರೀತಿಯಿಂದ ಬಂದವರು ಯಾರು ಎಂದು ತಿಳಿಯುವುದು ಹೇಗೆ? ಇದು ಸಿರಿವಂತರ ಮೊದಲನೆಯ ಗುಟ್ಟಿನ ನೋವು. ನೆಂಟನ ನಗುವನ್ನೂ ಅವರು ಲೆಕ್ಕ ಹಾಕಿ ನೋಡಬೇಕಾಗುತ್ತದೆ.

ಎರಡನೆಯದು, ಅವರ ನಿಜವಾದ ಗುಣ ಜನರಿಗೆ ಕಾಣುವುದೇ ಇಲ್ಲ. ನಿಜಾಮರ ಜಿಪುಣತನದ ಬಗ್ಗೆ ನೂರಾರು ಕಥೆಗಳು ಹುಟ್ಟಿದವು. ಅವರ ಔದಾರ್ಯದ ಬಗ್ಗೆಯೂ ಅಷ್ಟೇ ಕಥೆಗಳಿವೆ. 1965ರ ಯುದ್ಧಕಾಲದಲ್ಲಿ ಅವರು ದೇಶಕ್ಕೆ 5 ಟನ್ ಚಿನ್ನ ದಾನ ಕೊಟ್ಟರೆಂಬ ಸಂದೇಶ ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಿದೆ. ಮಾಹಿತಿ ಹಕ್ಕಿನಡಿ ಹೊರಬಂದ ಸಂಗತಿಯೆಂದರೆ, ಅವರು ರಾಷ್ಟ್ರೀಯ ರಕ್ಷಣಾ ಚಿನ್ನದ ಬಾಂಡುಗಳಲ್ಲಿ 425 ಕಿಲೋ ಚಿನ್ನವನ್ನು ಬಡ್ಡಿಗೆ ತೊಡಗಿಸಿದ್ದರು. ದೇಶಕ್ಕೆ ಅದು ಉಪಕಾರವೇ, ಆದರೆ ದಾನವಲ್ಲ. ದೊಡ್ಡ ಹಣ ದೊಡ್ಡ ಕಥೆಗಳನ್ನು ಹುಟ್ಟಿಸುತ್ತದೆ, ಮನುಷ್ಯ ಅವುಗಳ ಹಿಂದೆ ಮರೆಯಾಗುತ್ತಾನೆ.

ಕೊಟ್ಟದ್ದು ಉಳಿಯಿತು

ಅವರ ಆಳ್ವಿಕೆಯಲ್ಲಿ ಒಳ್ಳೆಯ ಕೆಲಸಗಳಾಗಲಿಲ್ಲ ಎಂದರೆ ಅನ್ಯಾಯವಾಗುತ್ತದೆ. 1908ರಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯಂತೆ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಎಂಬ ಜಲಾಶಯಗಳು 1920ರ ದಶಕದಲ್ಲಿ ಸಿದ್ಧವಾದವು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾಯಿತು. ದೊಡ್ಡ ಆಸ್ಪತ್ರೆ, ಹೈಕೋರ್ಟ್ ಕಟ್ಟಡಗಳು ಎದ್ದವು. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಶಂಕುಸ್ಥಾಪನೆಯಾಯಿತು. ಮದ್ರಾಸ್ ಪ್ರಾಂತ್ಯದೊಡನೆ ಹೈದರಾಬಾದ್ ಸಂಸ್ಥಾನ ಸೇರಿ ಕೈಗೊಂಡ ಈ ಯೋಜನೆಯಿಂದ ಇಂದು ಎಡದಂಡೆಯಲ್ಲಿ ಗಂಗಾವತಿಯ ಭತ್ತದ ಗದ್ದೆಗಳು ಹಸಿರಾಗಿವೆ.

ಇವೆಲ್ಲ ರೈತರು ಕಟ್ಟಿದ ಕಂದಾಯದಿಂದ ಆದವು ಎಂಬುದನ್ನೂ ಮರೆಯಬಾರದು. ಆಡಳಿತದಲ್ಲಿ, ಉನ್ನತ ಶಿಕ್ಷಣದಲ್ಲಿ ಉರ್ದುವಿಗೇ ಮಾನ್ಯತೆ ಇದ್ದುದರಿಂದ ರಾಯಚೂರು, ಕೊಪ್ಪಳದ ಕನ್ನಡ ಮಕ್ಕಳು ಬಹಳ ಕಾಲ ಹಿಂದುಳಿದರು. ಆದರೂ ಒಂದು ಮಾತು ನಿಜ. ಪೆಟ್ಟಿಗೆಯಿಂದ ಹೊರಬಂದು ಜನರ ಬಳಕೆಗೆ ಹೋದ ಹಣ ಇಂದಿಗೂ ನೀರಾಗಿ, ವಿದ್ಯೆಯಾಗಿ, ಔಷಧಿಯಾಗಿ ಕೆಲಸ ಮಾಡುತ್ತಿದೆ. ಪೆಟ್ಟಿಗೆಯಲ್ಲಿ ಉಳಿದದ್ದರ ಕಥೆಯೇ ಬೇರೆ.

ಹಣ ಕೊಟ್ಟ ಸುಳ್ಳು ಧೈರ್ಯ

1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದಾಗ ನಿಜಾಮರು ಭಾರತ ಒಕ್ಕೂಟಕ್ಕೆ ಸೇರಲು ಒಪ್ಪಲಿಲ್ಲ. ತಮ್ಮ ಸಂಸ್ಥಾನ ಸ್ವತಂತ್ರ ರಾಷ್ಟ್ರವಾಗಿ ನಿಲ್ಲಬಲ್ಲದು ಎಂದು ನಂಬಿದರು. ಆ ನಂಬಿಕೆಗೆ ಖಜಾನೆಯೂ ಒಂದು ಕಾರಣವೆಂದರೆ ತಪ್ಪಾಗದು. ಹಣವಿದ್ದವನಿಗೆ ಎಲ್ಲವನ್ನೂ ಕೊಳ್ಳಬಹುದೆಂದು ತೋರುತ್ತದೆ, ಬುದ್ಧಿ ಹೇಳುವವರು ಸುತ್ತಲೂ ಕಡಿಮೆಯಾಗುತ್ತಾರೆ. ಇದು ಸಿರಿತನದ ಮೂರನೆಯ ಅಪಾಯ.

ಖಾಸಿಂ ರಜ್ವಿಯ ರಜಾಕಾರರ ಹಾವಳಿ ಹಳ್ಳಿಹಳ್ಳಿಗೆ ಹಬ್ಬಿತು. ಕೊಪ್ಪಳ ಸೀಮೆಯ ಹೋರಾಟಗಾರರು ಗಡಿಯಾಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರ ಹಾಕಿ ಹೋರಾಡಿದರು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯಿಂದ ಸಂಸ್ಥಾನದ ಪ್ರತ್ಯೇಕತೆ ಕೊನೆಗೊಂಡಿತು. ಅದಕ್ಕೆ ಮೊದಲೂ ಅನಂತರವೂ ಹಿಂದೂಗಳು, ಮುಸ್ಲಿಮರು ಎನ್ನದೆ ಬಡಜನ ಪ್ರಾಣ ತೆತ್ತರು. ಅರಮನೆಯ ತಪ್ಪಿಗೆ ಗುಡಿಸಲು ಬೆಲೆ ಕೊಟ್ಟಿತು. ನಿಜಾಮರು 1950ರಿಂದ 1956ರವರೆಗೆ ರಾಜಪ್ರಮುಖರಾಗಿದ್ದರು. 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು.

ವಾರಸುದಾರರ ಹೆಗಲಿಗೆ

ಕೊನೆಯ ವರ್ಷಗಳಲ್ಲಿ ನಿಜಾಮರ ದೊಡ್ಡ ಚಿಂತೆ ತಮ್ಮ ಅನಂತರ ಈ ಆಸ್ತಿಯ ಗತಿಯೇನು ಎಂಬುದು. ಹತ್ತಾರು ಟ್ರಸ್ಟುಗಳನ್ನು ಮಾಡಿದರು. ಒಡವೆಗಳಿಗೇ ಪ್ರತ್ಯೇಕ ಟ್ರಸ್ಟುಗಳು. ದುಂದುವೆಚ್ಚಕ್ಕೆ ಹೆಸರಾಗಿದ್ದ ಹಿರಿಯ ಮಗ ಅಜಂ ಜಾಹ್ ಅವರನ್ನು ಬಿಟ್ಟು ಮೊಮ್ಮಗ ಮುಕರ್ರಂ ಜಾಹ್ ಅವರನ್ನು ಉತ್ತರಾಧಿಕಾರಿ ಮಾಡಿದರು. ಹೆತ್ತ ಮಗನನ್ನೇ ನಂಬದ ತಂದೆಯ ನೋವು, ತಂದೆಯ ನಂಬಿಕೆ ಸಿಗದ ಮಗನ ನೋವು, ಎರಡಕ್ಕೂ ಬೆಲೆ ಕಟ್ಟಲು ಯಾವ ಅಕ್ಕಸಾಲಿಗೂ ಆಗದು. 1967ರ ಫೆಬ್ರವರಿ 24ರಂದು ನಿಜಾಮರು ತೀರಿಕೊಂಡರು. ಕಿಂಗ್ ಕೋಠಿಯ ಎದುರಿನ ಮಸೀದಿಯಲ್ಲಿ, ತಾಯಿಯ ಸಮಾಧಿಯ ಪಕ್ಕದಲ್ಲಿ ಅವರನ್ನು ಹೂಳಲಾಯಿತು.

ಮೊಮ್ಮಗನಿಗೆ ಬಂದದ್ದು ಅರಮನೆಗಳ ಜೊತೆಗೆ ಸಾವಿರಾರು ನೌಕರರ ಸಂಬಳ, ತೆರಿಗೆ ಬಾಕಿ, ನೆಂಟರ ದಾವೆಗಳು. 1971ರಲ್ಲಿ ರಾಜಧನವೂ ರದ್ದಾಯಿತು. ಅವರು ಎಲ್ಲವನ್ನೂ ಬಿಟ್ಟು ಆಸ್ಟ್ರೇಲಿಯಾದಲ್ಲಿ ಕುರಿ ಸಾಕುವ ದೊಡ್ಡ ಜಮೀನು ಕೊಂಡು ಅಲ್ಲಿ ನೆಲೆಸಿದರು. ಅದೂ ಕೈತಪ್ಪಿ, ಕೊನೆಗೆ ತುರ್ಕಿಯಲ್ಲಿ ಸಾಧಾರಣ ಮನೆಯಲ್ಲಿ ಬದುಕಿ 2023ರ ಜನವರಿಯಲ್ಲಿ ಇಸ್ತಾಂಬುಲ್‌ನಲ್ಲಿ ನಿಧನರಾದರು.

ಒಡವೆಗಳ ವ್ಯಾಜ್ಯ ವರ್ಷಗಟ್ಟಲೆ ನಡೆದು 1995ರಲ್ಲಿ ಕೇಂದ್ರ ಸರಕಾರ 218 ಕೋಟಿ ರೂಪಾಯಿಗೆ ಅವನ್ನು ಕೊಂಡುಕೊಂಡಿತು. ಜೇಕಬ್ ವಜ್ರವೂ ಅದರಲ್ಲಿ ಸೇರಿತ್ತು. 1948ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಬ್ಯಾಂಕಿನಲ್ಲಿ ಪಾಕಿಸ್ತಾನದ ಹೈಕಮಿಷನರ್ ಹೆಸರಿಗೆ ವರ್ಗಾಯಿಸಲಾದ ಸುಮಾರು 10 ಲಕ್ಷ ಪೌಂಡುಗಳ ದಾವೆ 2019ರ ಅಕ್ಟೋಬರ್ 2ರಂದು ಅಲ್ಲಿನ ಹೈಕೋರ್ಟಿನಲ್ಲಿ ತೀರ್ಮಾನವಾಯಿತು. ಆ ಹೊತ್ತಿಗೆ ಮೊತ್ತ 3.5 ಕೋಟಿ ಪೌಂಡ್ ಆಗಿತ್ತು. ತೀರ್ಪು ಭಾರತ ಹಾಗೂ ನಿಜಾಮರ ಇಬ್ಬರು ಮೊಮ್ಮಕ್ಕಳ ಪರವಾಗಿ ಬಂತು. ಕೂಡಲೇ ನೂರಕ್ಕೂ ಹೆಚ್ಚು ವಂಶಸ್ಥರು ತಮಗೂ ಪಾಲು ಬೇಕೆಂದು ಎದ್ದರು. ಎಪ್ಪತ್ತು ವರ್ಷ ಯಾರೂ ಮುಟ್ಟಲಾಗದ ಹಣ!

ಕೊಪ್ಪಳದ ಜಹಗೀರುದಾರರಾಗಿದ್ದ ಮೂರನೆಯ ಸಾಲಾರ್ ಜಂಗ್ ಅವರ ಬದುಕೂ ಇದಕ್ಕೆ ಹತ್ತಿರವಾದದ್ದೇ. ಅವರು ಹುಟ್ಟಿದ ಕೆಲವೇ ವಾರಗಳಲ್ಲಿ ತಂದೆ ತೀರಿಕೊಂಡರು. ದಿವಾನಗಿರಿಯನ್ನು 1914ರಲ್ಲೇ ಬಿಟ್ಟು ಉಳಿದ ಜೀವನವನ್ನೆಲ್ಲ ಕಲಾವಸ್ತು ಸಂಗ್ರಹಿಸುವುದರಲ್ಲಿ ಕಳೆದರು. 1949ರಲ್ಲಿ ಅವಿವಾಹಿತರಾಗಿ ತೀರಿಕೊಂಡಾಗ ನೇರ ವಾರಸುದಾರರಿರಲಿಲ್ಲ. ಆದರೆ ಆ ಸಂಗ್ರಹ 1951ರಲ್ಲಿ ಮ್ಯೂಸಿಯಂ ಆಗಿ ಜನರಿಗೆ ತೆರೆಯಿತು. ಇಂದು ಕೊಪ್ಪಳದ ಶಾಲಾಮಕ್ಕಳೂ ಪ್ರವಾಸಕ್ಕೆ ಹೋದರೆ ಅದನ್ನು ನೋಡಬಹುದು.

ನಮಗೇನು ಪಾಠ?

ಪ್ರಿಯ ಓದುಗರೇ, ನಮ್ಮಲ್ಲಿ ಯಾರೂ ನಿಜಾಮರಲ್ಲ. ಆದರೂ ಗಲ್ಫಿನಲ್ಲಿ, ಮುಂಬಯಿಯಲ್ಲಿ ಬೆವರು ಸುರಿಸಿದ ಹಣದಿಂದ ನಮ್ಮ ಧರ್ಮಕೇಂದ್ರಗಳಲ್ಲಿ ದೊಡ್ಡ ಮನೆಗಳು ಎದ್ದಿವೆ. ಅನೇಕ ಮನೆಗಳಲ್ಲಿ ಮುದಿ ತಂದೆತಾಯಿ ಇಬ್ಬರೇ ಬಾಗಿಲು ಭದ್ರಪಡಿಸಿ ಮಲಗುತ್ತಾರೆ. ಹತ್ತು ಸೆಂಟ್ಸ್ ಜಾಗಕ್ಕಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಬಲಿಪೂಜೆಗೆ ಬಂದು ಬೇರೆ ಬೇರೆ ಬಾಗಿಲಿನಿಂದ ಹೊರಹೋಗುತ್ತಾರೆ. ಇದು ಗುರ್ಕಾರರಿಗೂ ಧರ್ಮಗುರುಗಳಿಗೂ ಗೊತ್ತಿರುವ ವಿಷಯ.

ಅಣ್ಣನಿಂದ ಪಾಲು ಕೊಡಿಸಬೇಕೆಂದು ಕೇಳಿಕೊಂಡು ಬಂದವನಿಗೆ ಪಾಲು ಹಂಚುವ ಪಂಚಾಯಿತಿದಾರನಾಗಲು ಯೇಸುಸ್ವಾಮಿ ಒಪ್ಪಲಿಲ್ಲ. ಬದಲಾಗಿ, ಕಣಜ ಒಡೆದು ದೊಡ್ಡದು ಕಟ್ಟಿಸಲು ಹೊರಟು ಅದೇ ರಾತ್ರಿ ಸತ್ತ ಸಿರಿವಂತನ ಸಾಮತಿ ಹೇಳಿದರು. ಸಂತ ಲೂಕರ ಶುಭಸಂದೇಶದ 12ನೆಯ ಅಧ್ಯಾಯವನ್ನು ಮನೆಯಲ್ಲಿ ಒಟ್ಟಾಗಿ ಕುಳಿತು ಓದುವುದು ಒಳ್ಳೆಯದು. ಜೇಕಬ್ ವಜ್ರದ ವ್ಯವಹಾರ ನಡೆದ 1891ರಲ್ಲೇ ಹದಿಮೂರನೆಯ ಲಿಯೋ ಜಗದ್ಗುರುಗಳು ತಮ್ಮ ಪ್ರಸಿದ್ಧ ವಿಶ್ವಪತ್ರದಲ್ಲಿ ಆಸ್ತಿ ಹೊಂದುವುದು ಮನುಷ್ಯನ ಹಕ್ಕು, ಆದರೆ ಅದರ ಬಳಕೆ ನೆರೆಯವನ ಅಗತ್ಯವನ್ನೂ ನೋಡಬೇಕು ಎಂಬ ಬೋಧನೆಯನ್ನು ನೆನಪಿಸಿದರು.

ಹಾಗಾದರೆ ಮಾಡಬೇಕಾದದ್ದೇನು? ಕೈಕಾಲು ಗಟ್ಟಿ ಇರುವಾಗಲೇ ಮಕ್ಕಳೆಲ್ಲರ ಎದುರಿನಲ್ಲಿ ಮಾತನಾಡಿ ವೀಲುನಾಮೆ ಬರೆಸಿಡಿ. ಹೆಣ್ಣುಮಕ್ಕಳ ಪಾಲನ್ನು ಮರೆಯಬೇಡಿ. ಕೊಡಬೇಕೆಂದಿರುವುದನ್ನು ಬದುಕಿರುವಾಗಲೇ ಕೊಡಿ, ಒಬ್ಬ ಬಡ ವಿದ್ಯಾರ್ಥಿಯ ಫೀಸು, ಒಬ್ಬ ರೋಗಿಯ ಔಷಧಿ, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಒಂದು ಮನೆ. ನಿಮ್ಮ ಅಂಗಳದಲ್ಲಿ ಕೆಲಸ ಮಾಡುವ ಕುಷ್ಟಗಿಯ ಕಾರ್ಮಿಕನಿಗೆ ನ್ಯಾಯವಾದ ಕೂಲಿಯನ್ನು ಅದೇ ಸಂಜೆ ಕೊಡಿ. ಮಕ್ಕಳಿಗೆ ಆಸ್ತಿ ಬಿಡುವುದು ತಪ್ಪಲ್ಲ, ಆದರೆ ಅದರೊಡನೆ ಜಗಳ ಬಿಟ್ಟು ಹೋಗಬೇಡಿ.

ಕಾಯಲು ಇಟ್ಟ ಹಣ ನಮ್ಮನ್ನೇ ಕಾವಲುಗಾರರನ್ನಾಗಿ ಮಾಡುತ್ತದೆ. ಹಂಚಿದ್ದು ಮಾತ್ರ ನಮ್ಮ ಹೆಗಲಿನಿಂದ ಇಳಿಯುತ್ತದೆ. ಪ್ರಭು ನಮ್ಮೆಲ್ಲರ ಕುಟುಂಬಗಳಿಗೆ ಸಾಕಷ್ಟು ಕೊಡಲಿ, ಸಾಕು ಎನ್ನುವ ಮನಸ್ಸನ್ನೂ ಕೊಡಲಿ.