ಪಂಡಿತೆ ರಮಾಬಾಯಿಯವರು ತಮ್ಮನ್ನು ತಾವು ಅರಿತುಕೊಂಡ ಬಗೆ



ಹೋದ ಬೇಸಗೆಯಲ್ಲಿ ಒಂದು ಸಾಯಂಕಾಲ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಸಭೆಯ ಹುಡುಗನೊಬ್ಬನು ನನ್ನ ಬಳಿಗೆ ಬಂದು ಒಂದು ಅರ್ಜಿಯ ಕಾಗದವನ್ನು ಮುಂದಿಟ್ಟನು. ಅವನು ಹತ್ತನೆಯ ತರಗತಿಯನ್ನು ಮುಗಿಸಿ ಮುಂದಿನ ಓದಿಗೆ ಸೇರಬೇಕಾಗಿತ್ತು. ತನ್ನ ಹೆಸರು, ತಂದೆಯ ಹೆಸರು, ಊರು ಇವೆಲ್ಲವನ್ನೂ ಅಂದವಾಗಿ ಬರೆದಿದ್ದನು. ಜಾತಿ, ಮತ ಎಂಬ ಸಾಲು ಮಾತ್ರ ಬರಿದಾಗಿತ್ತು. ಅಲ್ಲಿ ಏನು ಬರೆದರೆ ಏನು ಸಿಕ್ಕುವುದು, ಏನು ತಪ್ಪಿಹೋಗುವುದು ಎಂಬುದು ಅವನಿಗೂ ತಿಳಿದಿತ್ತು, ನನಗೂ ತಿಳಿದಿತ್ತು. ಆದರೆ ಅವನ ಮುಖವನ್ನು ನೋಡಿದಾಗ ಅವನು ಕೇಳುತ್ತಿದ್ದ ಪ್ರಶ್ನೆಯು ಆ ಸಾಲಿಗಿಂತ ದೊಡ್ಡದೆಂದು ನನಗೆ ತೋರಿತು. ಕೇರಿಯವರು ಒಂದು ಹೆಸರಿನಿಂದಲೂ ಶಾಲೆಯವರು ಮತ್ತೊಂದು ಹೆಸರಿನಿಂದಲೂ ಸಭೆಯವರು ಇನ್ನೊಂದು ಹೆಸರಿನಿಂದಲೂ ಕರೆಯುತ್ತಿರುವಾಗ ನಿಜವಾಗಿ ತಾನು ಯಾರು ಎಂಬುದೇ ಅವನ ಪ್ರಶ್ನೆಯಾಗಿತ್ತು.

ಹದಿಮೂರು ಹದಿನಾಲ್ಕರಿಂದ ಇಪ್ಪತ್ತರವರೆಗಿನ ಪ್ರಾಯದಲ್ಲಿ ಈ ಪ್ರಶ್ನೆಯು ಎಲ್ಲರನ್ನೂ ಕಾಡುವುದು. ಅದಕ್ಕೆ ಅವಸರದ ಉತ್ತರವನ್ನು ಕೊಡಲು ನನಗೆ ಮನಸ್ಸಾಗಲಿಲ್ಲ. ಆದಕಾರಣ ನಮ್ಮ ದೇಶದಲ್ಲಿಯೇ, ನಮ್ಮ ಕನ್ನಡನಾಡಿನ ಬೆಟ್ಟಗಳಲ್ಲಿಯೇ ಹುಟ್ಟಿದ ಒಬ್ಬಾಕೆಯ ಚರಿತ್ರೆಯನ್ನು ಅವನಿಗೆ ಹೇಳಿದೆನು. ಅದನ್ನೇ ಇಲ್ಲಿ ಎಲ್ಲಾ ಸಭೆಗಳ ಯೌವನಸ್ಥರಿಗಾಗಿಯೂ ಅವರ ತಂದೆತಾಯಿಗಳಿಗಾಗಿಯೂ ಬರೆಯುತ್ತೇನೆ.

ತುಂಗಾ, ಭದ್ರಾ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುವ ಗಂಗಾಮೂಲವು ಪಶ್ಚಿಮ ಘಟ್ಟದಲ್ಲಿದೆ. ಅಲ್ಲಿನ ಕಾಡಿನಲ್ಲಿ 1858ನೆಯ ಇಸವಿ ಏಪ್ರಿಲ್ 23ರಲ್ಲಿ ರಮಾಬಾಯಿಯು ಹುಟ್ಟಿದಳು. ಆಕೆಯ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳವೆಂಬ ಊರಿನವರು. ಮರಾಠಿ ಮಾತಾಡುವ ಬ್ರಾಹ್ಮಣರು. ಸಂಸ್ಕೃತದಲ್ಲಿ ದೊಡ್ಡ ಪಂಡಿತರು. ಹೆಂಗಸಿಗೆ ಸಂಸ್ಕೃತವನ್ನು ಕಲಿಸಬಾರದೆಂಬ ಕಟ್ಟಳೆಯಿದ್ದ ಆ ಕಾಲದಲ್ಲಿ ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಅದನ್ನು ಕಲಿಸಿದರು. ಇದಕ್ಕಾಗಿ ಊರವರ ವಿರೋಧವನ್ನು ತಾಳಲಾರದೆ ಕಾಡಿಗೆ ಹೋಗಿ ಮನೆ ಕಟ್ಟಿಕೊಂಡರು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ತಾವು ಮಾಡಿದ್ದು ಶಾಸ್ತ್ರಕ್ಕೆ ವಿರೋಧವಲ್ಲವೆಂದು ವಾದಿಸಿದರು.

ರಮಾಬಾಯಿಗೆ ಆರು ತಿಂಗಳಾಗಿದ್ದಾಗ ಆ ಕುಟುಂಬವು ಬಡತನದ ದೆಸೆಯಿಂದ ಮನೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬೆಟ್ಟವನ್ನು ಇಳಿದರು. ಅಂದಿನಿಂದ ಅವರಿಗೆ ಸ್ಥಿರವಾದ ಮನೆಯೆಂಬುದೇ ಇರಲಿಲ್ಲ. ಪುಣ್ಯಕ್ಷೇತ್ರಗಳಲ್ಲಿ ಪುರಾಣವನ್ನು ಓದಿ, ಕೇಳಿದವರು ಕೊಟ್ಟ ದಕ್ಷಿಣೆಯಿಂದ ಜೀವಿಸುತ್ತಿದ್ದರು. ತಾಯಿಯು ದಿನಾಲೂ ಹೊತ್ತು ಮೂಡುವ ಮೊದಲೇ ಹುಡುಗಿಯನ್ನು ಮುದ್ದಿಸಿ ಎಬ್ಬಿಸಿ ಪಾಠ ಹೇಳಿಕೊಡುವಳು. ಹನ್ನೆರಡು ವರುಷಕ್ಕೆ ಆಕೆಗೆ 18,000 ಶ್ಲೋಕಗಳು ಬಾಯಿಪಾಠವಾಗಿದ್ದುವೆಂದು ಹೇಳುತ್ತಾರೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ರಮಾಬಾಯಿಯ ಅಕ್ಕ ಕೃಷ್ಣಾಬಾಯಿಗೆ ಎಳೆಯ ಪ್ರಾಯದಲ್ಲಿಯೇ ಮದುವೆ ಮಾಡಿ, ಅದರಿಂದ ದುಃಖವೇ ಉಂಟಾದುದರಿಂದ ತಂದೆಯು ಕಿರಿಯ ಮಗಳಿಗೆ ಬಾಲ್ಯವಿವಾಹವನ್ನು ಮಾಡಲಿಲ್ಲ. ಹದಿನಾರು ವರುಷದ ಬ್ರಾಹ್ಮಣ ಕನ್ಯೆಗೆ ಮದುವೆಯಿಲ್ಲವೆಂಬುದು ಆಗ ಕೇಳಲರಿಯದ ಮಾತು. ಹೆಂಗಸನ್ನು ಇಂಥವನ ಹೆಂಡತಿ, ಇಂಥವನ ವಿಧವೆ, ಇಂಥ ಊರಿನ ಸೊಸೆ ಎಂದು ಲೋಕವು ಗುರುತಿಸುತ್ತಿತ್ತು. ಈ ಹುಡುಗಿಗೆ ಅಂಥ ಯಾವ ಹೆಸರೂ ಇರಲಿಲ್ಲ. ಊರೂ ಇರಲಿಲ್ಲ. ನಾನು ಯಾರು ಎಂಬ ಪ್ರಶ್ನೆಗೆ ಬೇರೆಯವರು ಸಿದ್ಧಮಾಡಿಟ್ಟ ಉತ್ತರವೊಂದೂ ಆಕೆಗೆ ಒದಗಲಿಲ್ಲ.

1874ರಲ್ಲಿ ಘೋರವಾದ ಸಂಕಟವು ಬಂದಿತು. ತಂದೆಗೆ ಮುಪ್ಪಾಗಿ ಕಣ್ಣು ಕಾಣದಾಯಿತು, ದಕ್ಷಿಣೆ ಕೊಡುವವರಿಲ್ಲದಾದರು. ಪುರಾಣ ಓದುವುದನ್ನು ಬಿಟ್ಟು ಬೇರೆ ಕೆಲಸವನ್ನು ಆ ಮನೆಯಲ್ಲಿ ಯಾರೂ ಕಲಿತಿರಲಿಲ್ಲ. ಕೂಲಿ ಮಾಡುವುದಕ್ಕೂ ಭಿಕ್ಷೆ ಬೇಡುವುದಕ್ಕೂ ಕುಲದ ಅಭಿಮಾನವು ಬಿಡಲಿಲ್ಲ. ಒಡವೆಗಳೂ ಪಾತ್ರೆಗಳೂ ಮಾರಿಹೋದುವು. ಕಡೆಗೆ ತಿರುಪತಿಯ ಕಾಡಿನಲ್ಲಿ ಹನ್ನೊಂದು ದಿವಸ ನೀರು, ಸೊಪ್ಪು, ಹಿಡಿಯಷ್ಟು ಕಾಡು ಈಚಲ ಹಣ್ಣು ಇವುಗಳಿಂದಲೇ ಪ್ರಾಣವನ್ನು ಹಿಡಿದಿದ್ದರು. ತಂದೆಯು ಕೊಳದಲ್ಲಿ ಮುಳುಗಿ ಪ್ರಾಣ ಬಿಡಲು ನಿಶ್ಚಯಿಸಿ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಆಶೀರ್ವದಿಸಿದರು. ಆಗ ಮಗ ಶ್ರೀನಿವಾಸನು ಕುಲದ ಅಭಿಮಾನವನ್ನು ಬಿಟ್ಟು ಕೂಲಿ ಮಾಡಿಯಾದರೂ ಎಲ್ಲರನ್ನೂ ಸಾಕುವೆನೆಂದು ಹೇಳಿ ತಂದೆಯನ್ನು ತಡೆದನು. ಆದರೂ ಕೆಲವು ದಿನಗಳಲ್ಲಿ ತಂದೆಯು ತೀರಿಹೋದರು. ಸ್ವಲ್ಪ ಕಾಲದಲ್ಲಿ ತಾಯಿಯೂ ತೀರಿಹೋದಳು. ತಾಯಿಯ ಹೆಣವನ್ನು ಹೊರಲು ಜನರು ಸಾಲಲಿಲ್ಲ. ಇಬ್ಬರು ಬ್ರಾಹ್ಮಣರು ಮಾತ್ರ ದಯೆತೋರಿ ಬಂದರು. ಮೂರನೆಯವನು ಶ್ರೀನಿವಾಸ, ನಾಲ್ಕನೆಯ ಹೆಗಲು ರಮಾಬಾಯಿಯದು. ಆಕೆಯು ಗಿಡ್ಡಳಾಗಿದ್ದುದರಿಂದ ಚಟ್ಟದ ಕೋಲನ್ನು ತಲೆಯ ಮೇಲಿಟ್ಟುಕೊಂಡು ಸ್ಮಶಾನದವರೆಗೆ ನಡೆದಳು. ಆಗ ಆಕೆಗೆ ಹದಿನಾರು ವರುಷ. ಇದಾದ ಎರಡು ವರುಷಗಳಲ್ಲಿ ನಮ್ಮ ಸೀಮೆಯನ್ನು ಹಾಳುಮಾಡಿದ ಧಾತು ಸಂವತ್ಸರದ ಬರದ ಮಾತನ್ನು ಹಿರಿಯರಿಂದ ಕೇಳಿದ ವಾಚಕರಿಗೆ ಹಸಿವೆಂದರೆ ಏನೆಂದು ನಾನು ಹೇಳಬೇಕಾದುದಿಲ್ಲ.

ಅಕ್ಕನೂ ಕಾಲರಾ ರೋಗದಿಂದ ಸತ್ತ ಮೇಲೆ ಅಣ್ಣತಂಗಿಯರಿಬ್ಬರೇ ಉಳಿದರು. ಅವರು ಸಾವಿರಾರು ಮೈಲಿ ಕಾಲ್ನಡೆಯಾಗಿ ಉತ್ತರದೇಶವನ್ನೆಲ್ಲಾ ಸುತ್ತಿದರು. ಪಂಜಾಬಿನ ಝೀಲಮ್ ನದಿಯ ದಡದಲ್ಲಿ ಹೊದೆಯಲು ಬಟ್ಟೆಯಿಲ್ಲದೆ, ಮರಳಿನಲ್ಲಿ ಗುಂಡಿ ತೋಡಿ, ಕೊರಳವರೆಗೆ ಮರಳನ್ನು ಮುಚ್ಚಿಕೊಂಡು ಚಳಿಯ ರಾತ್ರಿಗಳನ್ನು ಕಳೆದರು. ಶಾಸ್ತ್ರದಲ್ಲಿ ಹೇಳಿದ ವ್ರತಗಳನ್ನೂ ಸ್ನಾನಗಳನ್ನೂ ತಪ್ಪದೆ ಮಾಡಿದರು. ಆದರೆ ಕಣ್ಣನ್ನು ಮುಚ್ಚಿಕೊಂಡು ನಡೆಯಲಿಲ್ಲ. ಹಿಮಾಲಯದ ಕಡೆಯ ಒಂದು ಕೊಳದಲ್ಲಿ ತೇಲುವ ಬೆಟ್ಟಗಳು ಪಾಪವಿಲ್ಲದ ಯಾತ್ರಿಕನ ಬಳಿಗೆ ತಾವಾಗಿ ಬರುವುವೆಂದು ಪೂಜಾರಿಗಳು ಹೇಳುತ್ತಿದ್ದರು. ನೀರಿನಲ್ಲಿ ಮೊಸಳೆಗಳಿವೆ, ಇಳಿಯಬಾರದೆಂದೂ ಹೇಳುತ್ತಿದ್ದರು. ಶ್ರೀನಿವಾಸನು ಬೆಳಗಿನ ಜಾವ ಯಾರೂ ಇಲ್ಲದಾಗ ಈಜಿಕೊಂಡು ಹೋಗಿ ನೋಡಿದನು. ತೆಪ್ಪದ ಮೇಲೆ ಮಣ್ಣನ್ನೂ ಕಲ್ಲನ್ನೂ ಹಾಕಿ ಗಿಡಗಳನ್ನು ನೆಟ್ಟಿದ್ದರು. ಹಿಂದೆ ಅಡಗಿದ್ದ ಅಂಬಿಗರು ಅದನ್ನು ನೂಕುತ್ತಿದ್ದರು. ಇಂಥದನ್ನು ಕಂಡ ಮೇಲೆ ಕಲಿತುದನ್ನೆಲ್ಲಾ ಪರೀಕ್ಷಿಸಿ ನೋಡಬೇಕೆಂಬ ಬುದ್ಧಿಯು ಆಕೆಯಲ್ಲಿ ಬಲವಾಯಿತು. ಬಡತನವು ಆಕೆಯಿಂದ ಎಲ್ಲವನ್ನೂ ಕಸಿದುಕೊಂಡಿತು. ಸತ್ಯವನ್ನು ತಿಳಿಯಬೇಕೆಂಬ ಆಸೆಯನ್ನು ಕಸಿದುಕೊಳ್ಳಲಾರದೆ ಹೋಯಿತು.

1878ರಲ್ಲಿ ಅಣ್ಣತಂಗಿಯರು ಕಲ್ಕತ್ತೆಗೆ ಬಂದರು. ಅಲ್ಲಿನ ವಿದ್ವಾಂಸರು ಇಪ್ಪತ್ತು ವರುಷದ ಆ ಕನ್ಯೆಯನ್ನು ಪರೀಕ್ಷಿಸಿ, ಆಶ್ಚರ್ಯಪಟ್ಟು, ಪಂಡಿತೆ ಎಂತಲೂ ಸರಸ್ವತಿ ಎಂತಲೂ ಬಿರುದುಗಳನ್ನು ಕೊಟ್ಟರು. ನಿನ್ನೆಯವರೆಗೆ ಹೆಸರಿಲ್ಲದವಳನ್ನು ಇಂದು ಪಟ್ಟಣವೆಲ್ಲಾ ಹೊಗಳಿತು. ಬೇರೆಯವಳಾಗಿದ್ದರೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಅಲ್ಲಿಗೇ ನಿಲ್ಲುತ್ತಿದ್ದಳು. ಆದರೆ ಹೆಂಗಸರ ಧರ್ಮವನ್ನು ಕುರಿತು ಉಪನ್ಯಾಸ ಮಾಡಬೇಕೆಂದು ಪಂಡಿತರು ಕೇಳಿಕೊಂಡದ್ದರಿಂದ ರಮಾಬಾಯಿಯವರು ಧರ್ಮಶಾಸ್ತ್ರಗಳನ್ನು ಓದಲಾರಂಭಿಸಿದರು. ಆ ಗ್ರಂಥಗಳು ಎಷ್ಟೋ ವಿಷಯಗಳಲ್ಲಿ ಒಂದಕ್ಕೊಂದು ಹೊಂದದಿದ್ದರೂ, ಹೆಂಗಸರೂ ಶೂದ್ರರೂ ಕೀಳೆಂಬುದರಲ್ಲಿಯೂ ಅವರಿಗೆ ಮೋಕ್ಷದ ಬಾಗಿಲು ತೆರೆದಿಲ್ಲವೆಂಬುದರಲ್ಲಿಯೂ ಒಂದೇ ಮಾತಾಗಿದ್ದುವೆಂದು ಅವರು ಕಂಡುಕೊಂಡರು. ಬಿರುದನ್ನು ಕೊಟ್ಟ ವಿದ್ಯೆಯೇ ತನ್ನನ್ನು ಹೊರಗೆ ನಿಲ್ಲಿಸಿತ್ತು. ಊರ ಬಾವಿಗೂ ಗುಡಿಗೂ ದೂರ ನಿಲ್ಲಬೇಕಾಗಿದ್ದ ನಮ್ಮ ಅಜ್ಜ ಮುತ್ತಜ್ಜಂದಿರ ನೋವು ಯಾವುದೋ, ಆ ಬ್ರಾಹ್ಮಣ ಕನ್ಯೆಯ ನೋವೂ ಅದೇ ಬಾಗಿಲಿನ ಹೊರಗಿನದಾಗಿತ್ತು.

1880ರಲ್ಲಿ ಅಣ್ಣನು ತೀರಿಹೋದನು. ಅದೇ ವರುಷದಲ್ಲಿ ರಮಾಬಾಯಿಯವರು ಬಿಪಿನ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಅವರು ಬ್ರಾಹ್ಮಣರಲ್ಲ. ಅಸ್ಸಾಮಿನ ಸಿಲ್ಚಾರಿನಲ್ಲಿ ಮನೆಮಾಡಿದರು. ಅಲ್ಲಿ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಅವರ ಕೈಗೆ ಸಿಕ್ಕಿತು. 1882ರಲ್ಲಿ ಗಂಡನು ಕಾಲರಾದಿಂದ ಮೃತನಾದನು. ಇಪ್ಪತ್ತಮೂರು ವರುಷದ ವಿಧವೆಯು ಮಗು ಮನೋರಮೆಯನ್ನು ಎತ್ತಿಕೊಂಡು ಪುಣೆಗೆ ಬಂದರು. ಮಾರನೆಯ ವರುಷ ಇಂಗ್ಲೆಂಡಿಗೆ ಹೋದರು. ಅಲ್ಲಿ ದಾರಿತಪ್ಪಿದ ಹೆಂಗಸರನ್ನು ಕ್ರೈಸ್ತ ಸಹೋದರಿಯರು ಅಸಹ್ಯಪಡದೆ ಪ್ರೀತಿಯಿಂದ ಸಾಕುವುದನ್ನು ಕಂಡು, ಇದಕ್ಕೆ ಕಾರಣವೇನೆಂದು ವಿಚಾರಿಸಿದಾಗ, ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದ ಸಮಾರ್ಯದ ಹೆಂಗಸಿನ ಕಥೆಯನ್ನು ಅವರಿಗೆ ಓದಿ ತಿಳಿಸಿದರು. ಬಾವಿಯ ಬಳಿಯಲ್ಲಿ ಕುಳಿತ ಯೇಸುವು ಆ ಹೆಂಗಸಿನ ಬಾಳನ್ನೆಲ್ಲಾ ಬಲ್ಲವನಾಗಿಯೂ ಆಕೆಯನ್ನು ತಳ್ಳಿಬಿಡಲಿಲ್ಲ. ತನ್ನನ್ನು ಪೂರ್ಣವಾಗಿ ಬಲ್ಲವನೊಬ್ಬನಿದ್ದಾನೆಂಬುದು ರಮಾಬಾಯಿಯವರ ಹೃದಯಕ್ಕೆ ನಾಟಿತು. 1883ನೆಯ ಇಸವಿ ಸೆಪ್ಟೆಂಬರ್ 29ರಲ್ಲಿ ವಾಂಟೇಜ್ ಎಂಬ ಊರಿನಲ್ಲಿ ತಾಯಿಮಗಳಿಬ್ಬರೂ ದೀಕ್ಷಾಸ್ನಾನವನ್ನು ಹೊಂದಿದರು.

ಹಾಗಾದರೂ ಅವರು ಪರದೇಶದವರ ಪ್ರತಿಬಿಂಬವಾಗಲಿಲ್ಲ. ಸೀರೆಯನ್ನು ಬಿಡಲಿಲ್ಲ, ಮಾಂಸವನ್ನು ತಿನ್ನಲಿಲ್ಲ. ಉಪದೇಶವನ್ನು ದೊಡ್ಡವರು ಹೇಳಿದರೆಂದು ಮಾತ್ರ ಒಪ್ಪದೆ, ತಮ್ಮನ್ನು ಸಾಕಿದ ಸಹೋದರಿಯರೊಡನೆಯೂ ವಿನಯದಿಂದ ವಾದಿಸಿದರು. ಮತ್ತೊಂದನ್ನೂ ಅವರು ಮುಚ್ಚಿಡಲಿಲ್ಲ. ದೀಕ್ಷಾಸ್ನಾನವಾಗಿ ಎಂಟು ವರುಷಗಳ ಮೇಲೆ, ತಾವು ಕ್ರೈಸ್ತ ಮತವನ್ನು ಕಂಡುಕೊಂಡಿದ್ದರೂ ಆ ಮತದ ಜೀವವಾದ ಕ್ರಿಸ್ತನನ್ನು ಇನ್ನೂ ಕಂಡುಕೊಂಡಿರಲಿಲ್ಲವೆಂದು ತಿಳಿದು, ತಮ್ಮನ್ನು ಅಲ್ಲಗಳೆದು ಆತನಿಗೆ ಒಪ್ಪಿಸಿಕೊಟ್ಟರು. ಸಭೆಯ ಪುಸ್ತಕದಲ್ಲಿ ಹೆಸರಿದ್ದರೆ ಸಾಕೆಂದು ನೆನಸುವವರು ಇದನ್ನು ಯೋಚಿಸಲಿ.

ತನ್ನನ್ನು ಅರಿತವನು ತನ್ನೊಳಗೇ ಕುಳಿತಿರಲಾರನು. 1889ರಲ್ಲಿ ಬೊಂಬಾಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ಸ್ಥಾಪಿಸಿದರು. ಅಲ್ಲಿ ಯಾರನ್ನೂ ಮತಕ್ಕಾಗಿ ಬಲವಂತಪಡಿಸಲಿಲ್ಲ. ತಾವು ಪ್ರಾರ್ಥಿಸುವಾಗ ಕೋಣೆಯ ಬಾಗಿಲನ್ನು ತೆರೆದಿಡುತ್ತಿದ್ದರು, ಅಷ್ಟೇ. 1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಂದಾಗ ತಾವು ಹದಿನಾರರಲ್ಲಿ ಪಟ್ಟ ಹಸಿವನ್ನು ನೆನಸಿಕೊಂಡು ಹೋಗಿ, ಸುಮಾರು 300 ಮಂದಿ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಬಳಿಯ ಕೇಡಗಾಂವಿಯ ಮುಕ್ತಿ ಸದನವು ಹೀಗೆ ಬೆಳೆಯಿತು. ಅಲ್ಲಿನ ಹುಡುಗಿಯರು ಓದನ್ನಲ್ಲದೆ ನೆಯ್ಗೆ, ಹೊಲಿಗೆ, ಬೇಸಾಯ, ಅಚ್ಚಿನ ಕೆಲಸಗಳನ್ನೂ ಕಲಿತರು. ಕೈಕೆಲಸವನ್ನರಿಯದೆ ತನ್ನ ಮನೆಯವರು ಸತ್ತುದನ್ನು ಕಂಡವಳು ಬೇರೆಯವರ ಮಕ್ಕಳಿಗೆ ಹಾಗಾಗಗೊಡಲಿಲ್ಲ. ಸಾಧಾರಣ ಜನರಿಗೆ ತಿಳಿಯುವ ಮರಾಠಿಯಲ್ಲಿ ಸತ್ಯವೇದವನ್ನೆಲ್ಲಾ ಭಾಷಾಂತರಿಸುವ ಕೆಲಸವನ್ನು ಮುಗಿಸಿ, 1922ನೆಯ ಇಸವಿ ಏಪ್ರಿಲ್ 5ರಲ್ಲಿ ಕರ್ತನಲ್ಲಿ ನಿದ್ರೆಹೋದರು.

ತಂದೆತಾಯಿಗಳೇ, ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವ ತೋಟದವನೂ ಅಟ್ಟದ ಮೇಲೆ ಹಾಕಿದ ಕಾಯನ್ನು ನಾಲ್ಕು ದಿನಕ್ಕೇ ಇಳಿಸಿ ಒಡೆಯುವುದಿಲ್ಲ. ಹೆಚ್ಚು ಕಡಿಮೆ ಒಂದು ವರುಷ ಅದು ಕತ್ತಲಲ್ಲಿರುವುದು. ನೀರು ಮೆಲ್ಲಗೆ ಇಂಗಿ, ತಿರುಳು ತಾನಾಗಿ ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಸದ್ದು ಕೇಳಿದ ಮೇಲೆಯೇ ಉಂಡೆ ಕೊಬ್ಬರಿಯು ಸಿಕ್ಕುವುದು. ನಿಮ್ಮ ಮಗನು ಮಂಕಾಗಿ ಕುಳಿತಾಗ, ನಿಮ್ಮ ಮಗಳು ಎದುರು ಪ್ರಶ್ನೆ ಕೇಳಿದಾಗ ಅವಸರಪಟ್ಟು ಒಡೆಯಬೇಡಿರಿ. ರಮಾಬಾಯಿಯ ತಂದೆಯು ಮಗಳಿಗೆ ವಿದ್ಯೆಯನ್ನೂ ಕಾಲವನ್ನೂ ಕೊಟ್ಟನು. ಆತನಿಗೆ ತಿಳಿಯದಿದ್ದ ಫಲವನ್ನು ದೇವರು ಕೊಟ್ಟನು.

ಯೌವನಸ್ಥರೇ, ಹನ್ನೆರಡು ವರುಷದ ಬಾಲಕನಾದ ಯೇಸುವು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನೆ ಕೇಳಿದನು. ತನ್ನ ತಂದೆ ಯಾರೆಂಬುದನ್ನು ಆಗಲೇ ಬಲ್ಲವನಾಗಿದ್ದನು. ಆದರೂ ಮನೆಗೆ ಹೋಗಿ ತಾಯ್ತಂದೆಗಳಿಗೆ ವಿಧೇಯನಾದನು. ಊರವರು ಹೀಯಾಳಿಸಿ ಇಟ್ಟ ಹೆಸರು ನೀವಲ್ಲ. ಹೊಗಳಿ ಕೊಟ್ಟ ಬಿರುದೂ ನೀವಲ್ಲ. ನಿಮ್ಮನ್ನು ಪೂರ್ಣವಾಗಿ ಬಲ್ಲಾತನ ಮುಂದೆ ನಿಂತಾಗ ನೀವು ಯಾರೆಂಬುದು ತಿಳಿಯುವುದು.

ಆ ಹುಡುಗನಿಗೆ ನಾನು ಕಡೆಯಲ್ಲಿ ಹೇಳಿದ್ದು ಇಷ್ಟೇ: ಆ ಸಾಲು ಸರಕಾರದ ಲೆಕ್ಕಕ್ಕಾಗಿ ಇರುವುದು, ನಿನ್ನನ್ನೆಲ್ಲಾ ಹಿಡಿಸುವಷ್ಟು ಅದು ಉದ್ದವಾಗಿಲ್ಲ, ಆದರೂ ಅಷ್ಟರಲ್ಲಿ ಸತ್ಯವನ್ನು ಬರೆ. ಅವನು ಕಾಗದವನ್ನು ಮಡಚಿಕೊಂಡು ಮನೆಗೆ ಹೋಗಿ, ತಂದೆಯೊಡನೆ ಕುಳಿತು, ಕ್ರೈಸ್ತನೆಂದು ಬರೆದನು. ಅದರಿಂದ ಅವನಿಗೆ ನಷ್ಟವೇ ಆಯಿತು. ತಂದೆಯು ಕಾಯಿ ಸುಲಿಯುವ ಕೂಲಿಯಿಂದ ಶುಲ್ಕವನ್ನು ಕಟ್ಟುತ್ತಿದ್ದಾನೆ. ಅಂಥ ಮನೆಗಳನ್ನು ನೆನಸಿ ಸಭೆಗಳು ಪ್ರಾರ್ಥಿಸುವುದಲ್ಲದೆ ಕೈಯನ್ನೂ ಚಾಚಬೇಕೆಂದು ಬೇಡಿಕೊಳ್ಳುತ್ತೇನೆ.